ಒಂದೇ ಪರದೆ, ಇಬ್ಬರು ಓರಗಿತ್ತಿಯರು

ನಮ್ಮ ಪ್ರಯೋಗಾಲಯದಲ್ಲಿ ನನ್ನದು ತೂಕದ ಕೋಣೆ. ಉಸಿರು ಜೋರಾಗಿ ಬಿಟ್ಟರೂ ಅಂಕಿ ಬದಲಾಗುವ ತಕ್ಕಡಿ ಅಲ್ಲಿದೆ. ಹಾಗಾಗಿ ಫ್ಯಾನ್ ಹಾಕುವಂತಿಲ್ಲ, ಕಿಟಕಿ ತೆರೆಯುವಂತಿಲ್ಲ, ಬಾಗಿಲು ಸದಾ ಮುಚ್ಚಿರಬೇಕು. ಹೊರಗೆ ಆಡಲಾಗದ ಮಾತಿಗೆ ಇದಕ್ಕಿಂತ ಒಳ್ಳೆಯ ಜಾಗ ಇಡೀ ಕಟ್ಟಡದಲ್ಲಿಲ್ಲ. ತೂಕಕ್ಕೆಂದು ಬಂದವರು ಅಂಕಿ ನಿಲ್ಲುವವರೆಗೆ ಕಾಯುತ್ತ ನಿಂತು, ಪುಡಿಯ ಜೊತೆಗೆ ಮನಸ್ಸಿನಲ್ಲಿದ್ದದ್ದನ್ನೂ ಸುರಿದು ಹೋಗುತ್ತಾರೆ. ದೊಡ್ಡಕ್ಕನೂ ಸುರಿದಳು, ಸಣ್ಣಕ್ಕನೂ ಸುರಿದಳು. ಇಬ್ಬರ ಮಾತನ್ನೂ ಕೇಳಿಸಿಕೊಂಡವಳು ನಾನೊಬ್ಬಳೇ ಆದ್ದರಿಂದ ಈ ಕಥೆ ಹೇಳುವ ಸರದಿ ನನ್ನದಾಗಿದೆ.

ಅವರಿಬ್ಬರೂ ಓರಗಿತ್ತಿಯರು. ಅಣ್ಣನ ಹೆಂಡತಿ ದೊಡ್ಡಕ್ಕ, ತಮ್ಮನ ಹೆಂಡತಿ ಸಣ್ಣಕ್ಕ. ಮನೆಯಲ್ಲಿ ಕರೆಯುತ್ತಿದ್ದ ಹೆಸರೇ ಕೆಲಸದ ಜಾಗಕ್ಕೂ ಬಂದು, ಕೊನೆಗೆ ಮುಖ್ಯಸ್ಥರ ಬಾಯಲ್ಲೂ ನಿಂತುಹೋಯಿತು.

ದೊಡ್ಡಕ್ಕ ಇಲ್ಲಿಗೆ ಸೇರಿದಾಗ ನಮ್ಮ ಪ್ರಯೋಗಾಲಯ ಒಂದು ಮುದ್ರಣಾಲಯದ ಮಹಡಿಯ ಮೇಲಿತ್ತು. ಕೆಳಗೆ ಯಂತ್ರ ಓಡಿದರೆ ಮೇಲೆ ಸೀಸೆಗಳು ಗಲಗಲ ಎನ್ನುತ್ತಿದ್ದವು. ನಲ್ಲಿ ನೀರಿನಲ್ಲಿ, ಹಣ್ಣು ತರಕಾರಿಯಲ್ಲಿ ಕೀಟನಾಶಕ ಉಳಿದಿದೆಯೇ, ಉಳಿದಿದ್ದರೆ ಎಷ್ಟು ಎಂದು ನೋಡಿ ಹೇಳುವುದು ನಮ್ಮ ಕಸುಬು. ಅದಕ್ಕೆ ಬೇಕಾದ ಮುಖ್ಯ ಯಂತ್ರ ಗ್ಯಾಸ್ ಕ್ರೊಮ್ಯಾಟೊಗ್ರಾಫ್. ಹೆಸರು ದೊಡ್ಡದು, ಕೆಲಸ ಸರಳ. ನಾವು ಒಲೆ ಎನ್ನುವ ಬಿಸಿ ಪೆಟ್ಟಿಗೆಯೊಳಗೆ ಕೂದಲಿನಷ್ಟು ಸಪೂರದ ಕೊಳವೆಯೊಂದು ಸುರುಳಿ ಸುತ್ತಿಕೊಂಡಿರುತ್ತದೆ. ಅದರ ಬಾಯಿಗೆ ಒಂದು ಹನಿ ದ್ರವ ಬಿಟ್ಟರೆ, ಆ ಹನಿಯಲ್ಲಿ ಬೆರೆತದ್ದೆಲ್ಲ ಬೇರೆ ಬೇರೆಯಾಗಿ ಒಂದರ ಹಿಂದೊಂದು ಆಚೆ ತುದಿಯಲ್ಲಿ ಹೊರಬರುತ್ತದೆ. ಒಂದೊಂದು ಹೊರಬಂದಾಗಲೂ ಕಾಗದದ ಮೇಲೆ ಒಂದೊಂದು ಶಿಖರ ಏಳುತ್ತದೆ. ಆ ಶಿಖರದ ಜಾಗ ನೋಡಿ ಅದು ಯಾವ ವಿಷ ಎಂದೂ, ಗಾತ್ರ ನೋಡಿ ಎಷ್ಟು ವಿಷ ಎಂದೂ ಹೇಳುತ್ತೇವೆ.

ಆಗ ಆ ಹನಿಯನ್ನು ಬಿಡುತ್ತಿದ್ದದ್ದು ಮನುಷ್ಯರ ಕೈ. ಸಣ್ಣ ಗಾಜಿನ ಸಿರಿಂಜಿಗೆ ದ್ರವ ಎಳೆದುಕೊಂಡು, ಅದರ ಸೂಜಿಯನ್ನು ರಬ್ಬರಿನ ಮುಚ್ಚಳದ ಮೂಲಕ ಚುಚ್ಚಿ, ಒತ್ತಿ, ಎಳೆದು, ಅದೇ ಗಳಿಗೆಯಲ್ಲಿ ಎಡಗೈಯಿಂದ ಗುಂಡಿ ಅದುಮಬೇಕು. ಸ್ವಲ್ಪ ತಡವರಿಸಿದರೆ ಶಿಖರ ಬೆನ್ನು ಬಾಗಿದ ಮುದುಕನ ಹಾಗೆ ಬರುತ್ತದೆ. ದೊಡ್ಡಕ್ಕನ ಕೈ ತಡವರಿಸಿದ್ದನ್ನು ಯಾರೂ ನೋಡಿರಲಿಲ್ಲ. ಅವಳು ತೆಗೆದ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಒಂದೇ ಗೆರೆ ಕಾಣುತ್ತಿತ್ತು. ಬೇರೆ ಪ್ರಯೋಗಾಲಯದವರು ಬಂದಾಗ ಮುಖ್ಯಸ್ಥರು ಮೊದಲು ಅವಳ ಮೇಜಿಗೆ ಕರೆದುಕೊಂಡು ಹೋಗುತ್ತಿದ್ದರು. "ನೋಡಿ, ನಮ್ಮ ದೊಡ್ಡಕ್ಕನ ಕೈ," ಎಂದು, ಯಾವುದೋ ಯಂತ್ರವನ್ನು ತೋರಿಸುವ ಹಾಗೆ ತೋರಿಸುತ್ತಿದ್ದರು. ಅವಳು ತಲೆ ಎತ್ತದೆ ಕೆಲಸ ಮಾಡುತ್ತಿದ್ದಳು. ಆದರೆ ಆ ದಿನ ಬಿಳಿ ಕೋಟಿಗೆ ಇಸ್ತ್ರಿ ಮಾಡಿಸಿಕೊಂಡು ಬಂದಿರುತ್ತಿದ್ದಳು ಎಂಬುದು ನನ್ನ ಗಮನಕ್ಕೆ ಬಂದಿತ್ತು.

ಸಣ್ಣಕ್ಕನನ್ನು ಕೆಲಸಕ್ಕೆ ಕರೆತಂದವಳೂ ಅವಳೇ. ಮೈದುನನನ್ನು ಮದುವೆಯಾಗಿ ಬಂದ ಹುಡುಗಿ ರಸಾಯನಶಾಸ್ತ್ರ ಓದಿ ಮನೆಯಲ್ಲಿ ಸುಮ್ಮನೆ ಕೂತಿದ್ದಳು. "ಓದಿದ್ದು ಮರೆತುಹೋಗೋ ಮುಂಚೆ ಬಾ," ಎಂದು ದೊಡ್ಡಕ್ಕ ಕೈಹಿಡಿದು ಕರೆತಂದಳು. ತನ್ನ ಪಕ್ಕದಲ್ಲೇ ಕೂರಿಸಿಕೊಂಡು ಸೂಜಿ ಹಿಡಿಯುವುದನ್ನು ಕಲಿಸಿದಳು. ಆದರೆ ಸಣ್ಣಕ್ಕನ ಕೈಗೆ ಅದು ಒಲಿಯಲಿಲ್ಲ. ಎರಡು ಸೂಜಿ ಬಾಗಿಸಿದಳು, ಒಂದು ಸಿರಿಂಜು ಒಡೆದಳು. ಅವಳ ಶಿಖರಗಳನ್ನು ನೋಡಿ ದೊಡ್ಡಕ್ಕ, "ಪರವಾಗಿಲ್ಲ ಬಿಡು, ಎಲ್ಲರಿಗೂ ಬರಲ್ಲ ಇದು," ಎನ್ನುತ್ತಿದ್ದಳು. ಆ ದಿನಗಳಲ್ಲಿ ಇಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಬರುತ್ತಿದ್ದರು. ಒಂದೇ ಡಬ್ಬಿಯಲ್ಲಿ ಊಟ ತರುತ್ತಿದ್ದರು.

ಪ್ರಯೋಗಾಲಯ ಹೊಸ ಕಟ್ಟಡಕ್ಕೆ ಬಂದ ಮೇಲೆ ಯಂತ್ರಗಳು ಹೆಚ್ಚಿದವು. ಹನಿ ಬಿಡುವ ಕೆಲಸವನ್ನು ಒಂದು ಯಾಂತ್ರಿಕ ತೋಳು ಮಾಡತೊಡಗಿತು. ದ್ರವದ ಹರಿವಿನಲ್ಲೇ ಬೇರ್ಪಡಿಸುವ ಲಿಕ್ವಿಡ್ ಕ್ರೊಮ್ಯಾಟೊಗ್ರಾಫ್‌ಗಳು ಬಂದವು, ಬೇರ್ಪಟ್ಟದ್ದನ್ನು ಚೂರು ಮಾಡಿ ಒಂದೊಂದು ಚೂರಿನ ತೂಕ ಹೇಳುವ ಮಾಸ್ ಸ್ಪೆಕ್ಟ್ರೋಮೀಟರ್ ಬಂತು. ಒಂದೊಂದೂ ಒಂದೊಂದು ಕಂಪನಿಯದು, ಒಂದೊಂದಕ್ಕೂ ಒಂದೊಂದು ಕಂಪ್ಯೂಟರು. ಯಾವುದನ್ನು ಎರಡು ಸಲ ಆಫ್ ಮಾಡಬೇಕು, ಯಾವುದರ ಬಾಗಿಲನ್ನು ಸೊಂಟದಿಂದ ತಳ್ಳಬೇಕು ಎಂಬುದು ದೊಡ್ಡಕ್ಕನಿಗೆ ಗೊತ್ತಿತ್ತು. ಕೈಯ ಕೆಲಸ ಹೋದರೂ ಅವಳ ಮರ್ಯಾದೆ ಹೋಗಿರಲಿಲ್ಲ. ಏನು ಕೆಟ್ಟರೂ ಜನ ಅವಳನ್ನೇ ಕರೆಯುತ್ತಿದ್ದರು.

ಆಮೇಲೆ ಬಂತು ಆ ಹೊಸ ಸಾಫ್ಟ್‌ವೇರ್. ಎಲ್ಲ ಕಂಪನಿಯ ಎಲ್ಲ ಯಂತ್ರಗಳನ್ನೂ ಒಂದೇ ಪರದೆಯಿಂದ ನಡೆಸುವಂಥದ್ದು. ಪರದೆಯ ಮೇಲೆ ಯಂತ್ರಗಳ ಸಾಲು. ಕೆಲಸ ನಡೆಯುತ್ತಿದ್ದರೆ ಹಸಿರು ಚುಕ್ಕೆ, ಕಾಯುತ್ತಿದ್ದರೆ ಹಳದಿ, ಕೆಟ್ಟಿದ್ದರೆ ಕೆಂಪು. ಯಾವ ಸೀಸೆ ಮೊದಲು, ಯಾವುದು ನಂತರ, ಒಲೆ ಎಷ್ಟು ಬಿಸಿ, ಎಷ್ಟು ಹೊತ್ತು ಎಂದು ಒಮ್ಮೆ ಹೇಳಿಟ್ಟರೆ ಮುಗಿಯಿತು, ಮಿಕ್ಕದ್ದು ಅದೇ ನೋಡಿಕೊಳ್ಳುತ್ತದೆ. ಇದನ್ನು ಕಲಿಯಲು ಒಬ್ಬರನ್ನು ತರಬೇತಿಗೆ ಕಳಿಸಬೇಕಿತ್ತು.

ಮುಖ್ಯಸ್ಥರು ಚಹಾದ ಹೊತ್ತಿಗೆ ಎಲ್ಲರ ಎದುರು ಕೇಳಿದರು. "ದೊಡ್ಡಕ್ಕ, ನೀವು ಹೋಗಿ ಬರ್ತೀರಾ?"

"ಅಯ್ಯೋ, ನನಗೇಕೆ ಸರ್ ಈಗ. ಚಿಕ್ಕವರು ಯಾರಾದ್ರೂ ಹೋಗಲಿ," ಎಂದಳು ದೊಡ್ಡಕ್ಕ.

"ಅದೂ ಸರಿ. ಹಾಗಾದ್ರೆ ಸಣ್ಣಕ್ಕ, ನೀವು ಹೊರಡಿ," ಎಂದು ಅವರು ಬಿಸ್ಕತ್ತಿನ ಕಡೆ ಕೈ ಚಾಚಿದರು.

ಅಷ್ಟೇ. ಮಾತು ಮುಗಿದೇಹೋಯಿತು. ದೊಡ್ಡಕ್ಕ ಲೋಟ ಹಿಡಿದುಕೊಂಡು ನಕ್ಕಳು. ಸ್ವಲ್ಪ ಹೊತ್ತಿನಲ್ಲೇ ತೂಕದ ಕೋಣೆಗೆ ಬಂದು, ತೂಕಕ್ಕೆ ಏನೂ ತಾರದೆ, ಬಾಗಿಲಿಗೆ ಒರಗಿ ನಿಂತಳು.

"ಎರಡನೇ ಸಲ ಕೇಳ್ತಾರೆ ಅಂದುಕೊಂಡಿದ್ದೆ ಕಣೆ," ಎಂದಳು. "ಯಾರಾದ್ರೂ ಮೊದಲನೇ ಸಲಕ್ಕೇ ಹೂಂ ಅಂತಾರಾ? ಇವಳಾದ್ರೂ 'ಇಲ್ಲ ಅಕ್ಕ, ನೀವೇ ಹೋಗಿ' ಅನ್ನಬಾರದಿತ್ತಾ?"

ತರಬೇತಿ ಮುಗಿಸಿ ಬಂದ ಸಣ್ಣಕ್ಕ ಬೇರೆಯೇ ಆಗಿದ್ದಳು. ಸೂಜಿ ಹಿಡಿದಾಗ ನಡುಗುತ್ತಿದ್ದ ಬೆರಳುಗಳು ಕೀಲಿಮಣೆಯ ಮೇಲೆ ನೀರು ಹರಿದ ಹಾಗೆ ಓಡುತ್ತಿದ್ದವು. ಮಾತಾಡುತ್ತ ಮಾತಾಡುತ್ತಲೇ ಮೂರು ಯಂತ್ರಗಳಿಗೆ ಕೆಲಸ ಹಚ್ಚುತ್ತಿದ್ದಳು. ಒಂದು ಶಿಖರದ ಮೇಲೆ ಒತ್ತಿದರೆ ಅದರ ಹಿಂದಿನ ಕಥೆಯೆಲ್ಲ ಪರದೆಯ ಮೇಲೆ ಬಿಚ್ಚಿಕೊಳ್ಳುತ್ತಿತ್ತು. ಜನ ಅವಳ ಕುರ್ಚಿಯ ಹಿಂದೆ ನಿಂತು ನೋಡತೊಡಗಿದರು. ಹೊರಗಿನವರು ಬಂದರೆ ಮುಖ್ಯಸ್ಥರು ಈಗ ಆ ಪರದೆಯ ಹತ್ತಿರ ಕರೆದೊಯ್ಯುತ್ತಿದ್ದರು.

ದೊಡ್ಡಕ್ಕನಿಗೆ ಅಷ್ಟನ್ನೂ ನುಂಗಿಕೊಳ್ಳಲು ಆಗುತ್ತಿತ್ತೇನೋ. ನುಂಗಲಾರದ್ದು ಬೇರೆ ಇತ್ತು. ಹೊಸ ಸಾಫ್ಟ್‌ವೇರಿನಲ್ಲಿ ಯಾರು ಏನು ಮಾಡಬಹುದು ಎಂಬುದಕ್ಕೆ ಅಧಿಕಾರದ ಮೆಟ್ಟಿಲುಗಳಿದ್ದವು. ಮೇಲಿನ ಮೆಟ್ಟಿಲಲ್ಲಿ ಸಣ್ಣಕ್ಕ. ಮಿಕ್ಕವರೆಲ್ಲ ಕೆಳಗೆ. ಒಂದು ದಿನ ದೊಡ್ಡಕ್ಕ ಒಲೆಯ ಉಷ್ಣತೆಯನ್ನು ಚೂರು ಏರಿಸಲು ಹೋದಳು. ಪರದೆಯ ನಡುವೆ ಒಂದು ಚೌಕ ಮೂಡಿತು: ಈ ಬದಲಾವಣೆ ಮಾಡಲು ನಿಮಗೆ ಅನುಮತಿ ಇಲ್ಲ, ಮೇಲ್ವಿಚಾರಕರನ್ನು ಸಂಪರ್ಕಿಸಿ.

ಮೇಲ್ವಿಚಾರಕಿ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು. ಬಗ್ಗಿ ನೋಡಿ, "ಓ, ಅದಾ? ತಾಳಿ ಅಕ್ಕ, ನಾನು ಕೊಡ್ತೀನಿ," ಎಂದು ತನ್ನ ಗುಪ್ತಪದ ಒತ್ತಿದಳು. ಒತ್ತುವಾಗ ಸಹಜವಾಗಿ ಕೀಲಿಮಣೆಗೆ ಕೈ ಅಡ್ಡ ಹಿಡಿದಳು.

ಆ ಅಡ್ಡ ಹಿಡಿದ ಕೈಯನ್ನು ದೊಡ್ಡಕ್ಕ ಬಹಳ ಕಾಲ ಮರೆಯಲಿಲ್ಲ. "ನನ್ನ ಮನೇಲಿ, ನಾನೇ ಬಾಗಿಲು ತೆಗೆದು ಒಳಗೆ ಕರ್ಕೊಂಡೋಳು. ಈಗ ನಾನು ಒಲೆ ಹಚ್ಚೋಕೆ ಅವಳನ್ನ ಕೇಳ್ಬೇಕು," ಎಂದು ನನ್ನ ಮುಂದೆ ಹಲ್ಲು ಕಡಿದಳು. ತಕ್ಕಡಿಯ ಅಂಕಿ ಕುಣಿಯಿತು.

ಮನೆಯಲ್ಲೂ ನೆಮ್ಮದಿ ಇರಲಿಲ್ಲ. ಅವರದು ಎರಡಂತಸ್ತಿನ ಮನೆ, ಮೇಲೆ ಒಂದು ಸಂಸಾರ, ಕೆಳಗೆ ಒಂದು, ಅಡುಗೆಮನೆ ಒಂದೇ. ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರುತ್ತಿದ್ದರು. ಸಣ್ಣಕ್ಕ ತಟ್ಟೆಯ ಪಕ್ಕದಲ್ಲಿ ಫೋನಿಟ್ಟುಕೊಂಡು ಆಗಾಗ ನೋಡುತ್ತಿದ್ದಳು. ಪ್ರಯೋಗಾಲಯದ ಯಂತ್ರಗಳ ಚುಕ್ಕೆಗಳು ಅಲ್ಲಿ ಕಾಣುತ್ತಿದ್ದವು. ಅತ್ತೆಗೆ ಇದು ದೊಡ್ಡ ವಿಸ್ಮಯ. "ಇಲ್ಲಿ ಅನ್ನ ಕಲಸ್ತಾ ಕಲಸ್ತಾನೇ ಅಲ್ಲಿ ಯಂತ್ರ ಓಡಿಸ್ತಾಳೆ ನೋಡಿ ಇವಳು," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ದೊಡ್ಡಕ್ಕ ಇಪ್ಪತ್ತು ವರ್ಷ ಅದೇ ಯಂತ್ರಗಳನ್ನು ಓಡಿಸಿದ್ದರ ಬಗ್ಗೆ ಅತ್ತೆ ಯಾರಿಗೂ ಏನೂ ಹೇಳಿದ್ದಿಲ್ಲ. ದೊಡ್ಡಕ್ಕನ ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಕಡೆಯುವವನು, ಮಾತಿನಲ್ಲಿ ಜಾಣನಲ್ಲ. "ನೀನೂ ಕಲಿ, ಅವಳು ಹೇಳಿಕೊಡ್ತಾಳೆ, ಕೇಳು," ಎಂದ. ಆ ರಾತ್ರಿಯೆಲ್ಲ ದೊಡ್ಡಕ್ಕ ಅವನಿಗೆ ಬೆನ್ನು ತೋರಿಸಿ ಮಲಗಿದಳು.

ಬಸ್ಸಿನಲ್ಲಿ ಅವಳು ಹಿಂದಿನ ಸೀಟಿಗೆ ಹೋದಳು, ಮುಂದೆ ಕೂತರೆ ತಲೆ ಸುತ್ತುತ್ತದೆ ಎಂದು. ಊಟದ ಡಬ್ಬಿ ಬೇರೆಯಾಯಿತು, ಉಪ್ಪು ಕಡಿಮೆ ಬೇಕು ಎಂದು. ಬೆಳಿಗ್ಗೆ ಕಂಪ್ಯೂಟರ್ ಹಚ್ಚುವಾಗ ಅದು ನಿಂತುಹೋಗಲಿ ಎಂದು ಒಳಗೊಳಗೇ ಹರಕೆ ಹೊರುತ್ತಿದ್ದಳಂತೆ. ಒಂದು ದಿನ ಅದು ನಿಜಕ್ಕೂ ನಿಂತುಹೋಯಿತು. ಎಲ್ಲ ಚುಕ್ಕೆಗಳೂ ಬೂದು ಬಣ್ಣಕ್ಕೆ ತಿರುಗಿ, ಸಣ್ಣಕ್ಕನ ಹಣೆಯಲ್ಲಿ ಬೆವರು ಒಡೆಯಿತು. ಆ ದಿನ ದೊಡ್ಡಕ್ಕ ಅವಳಿಗೆ ಚಹಾ ತಂದುಕೊಟ್ಟಳು, ಬೆನ್ನು ಸವರಿದಳು, "ಹೆದರಬೇಡ, ಸರಿಹೋಗತ್ತೆ," ಎಂದು ತುಂಬ ಪ್ರೀತಿಯಿಂದ ಹೇಳಿದಳು. ಮಧ್ಯಾಹ್ನ ಸರಿಹೋದ ಮೇಲೆ ಮತ್ತೆ ಮುಖ ಬಿಗಿದುಕೊಂಡಳು.

ಒಂದು ಮಾತು ಹೇಳಲೇಬೇಕು. ಇಷ್ಟೆಲ್ಲ ಇದ್ದರೂ ದೊಡ್ಡಕ್ಕ ಒಂದು ಸೀಸೆಯನ್ನೂ ಬೇಕೆಂದು ಹಾಳು ಮಾಡಲಿಲ್ಲ. ಅವಳ ಅಸೂಯೆ ಮನುಷ್ಯರ ಮೇಲಿತ್ತು, ಕೆಲಸದ ಮೇಲಿರಲಿಲ್ಲ. ಆದರೆ ಅಸೂಯೆಗೆ ಅಷ್ಟು ಅಚ್ಚುಕಟ್ಟಾಗಿ ಗೆರೆ ಎಳೆದುಕೊಂಡು ಬದುಕಲು ಆಗುವುದಿಲ್ಲ ಎಂಬುದು ಮುಂದೆ ಗೊತ್ತಾಯಿತು.

ಸಣ್ಣಕ್ಕನ ತಾಯಿಗೆ ಪಾರ್ಶ್ವವಾಯು ಬಡಿದು ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಸುದ್ದಿ ಬಂತು. ಅವಳು ಆಗಲೇ ಹೊರಡಬೇಕಿತ್ತು. ಹೊರಡುವ ಮುಂಚೆ ಕಂಪ್ಯೂಟರಿನ ಮುಂದೆ ಕೂತು, ದೊಡ್ಡಕ್ಕನ ಹೆಸರನ್ನು ಮೇಲಿನ ಮೆಟ್ಟಿಲಿಗೆ ಏರಿಸಿದಳು.

"ಅಕ್ಕ, ಈಗ ನಿಮಗೆ ಎಲ್ಲ ಅಧಿಕಾರ ಇದೆ. ಹೊಸದೇನೂ ಮಾಡೋದು ಬೇಡ, ನಾನು ಇಟ್ಟಿರೋದನ್ನೇ ಓಡಿಸಿ ಸಾಕು. ಏನಾದ್ರೂ ತೊಂದರೆ ಆದ್ರೆ ಯಾವಾಗ ಬೇಕಾದ್ರೂ ಫೋನ್ ಮಾಡಿ," ಎಂದಳು. ಕಣ್ಣು ತುಂಬಿಕೊಂಡಿತ್ತು. ದೊಡ್ಡಕ್ಕ ಅವಳ ಚೀಲವನ್ನು ಬಾಗಿಲವರೆಗೆ ಹೊತ್ತುಕೊಟ್ಟಳು.

ಆ ಮಾತಿನಲ್ಲಿ ದೊಡ್ಡಕ್ಕನ ಕಿವಿಗೆ ಬಿದ್ದದ್ದು 'ಹೊಸದೇನೂ ಮಾಡೋದು ಬೇಡ' ಎಂಬುದೊಂದೇ.

ಆ ವಾರ ಒಂದು ಶಾಲೆಯ ನೀರು ನಮ್ಮಲ್ಲಿಗೆ ಬಂದಿತ್ತು. ನೀರಿಗೆ ಏನೋ ವಾಸನೆ ಎಂದು ಅಲ್ಲಿನ ನಲ್ಲಿಗಳನ್ನೆಲ್ಲ ಮುಚ್ಚಿ, ಮಕ್ಕಳು ಮನೆಯಿಂದ ಬಾಟಲಿ ಹೊತ್ತು ತರುತ್ತಿದ್ದರು. ನಮ್ಮ ವರದಿಗಾಗಿ ಕಾಯುತ್ತಿದ್ದರು. ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಸಿದ ಯಂತ್ರದಲ್ಲಿ ನೋಡಬೇಕಾದ ಕೆಲಸ ಅದು. ಸಣ್ಣಕ್ಕ ಮಾಡಿಟ್ಟ ವಿಧಾನ ಸಾಫ್ಟ್‌ವೇರಿನಲ್ಲಿ ಸಿದ್ಧವಾಗಿಯೇ ಇತ್ತು, ಒಂದು ಸಲ ಒತ್ತಿದ್ದರೆ ಸಾಕಿತ್ತು. ದೊಡ್ಡಕ್ಕ ಒತ್ತಲಿಲ್ಲ. ಹೊಸ ವಿಧಾನ ಎಂಬಲ್ಲಿಗೆ ಹೋಗಿ, ಒಲೆಯ ಬಿಸಿ, ಅನಿಲದ ವೇಗ, ಎಲ್ಲವನ್ನೂ ತನ್ನ ಅನುಭವದಿಂದ ತಾನೇ ತುಂಬಿದಳು. ಪರದೆ ಎಲ್ಲಿಯೂ ಅವಳನ್ನು ತಡೆಯಲಿಲ್ಲ. ಅನುಮತಿ ಕೇಳಲಿಲ್ಲ. ಆ ಮಧ್ಯಾಹ್ನ ಅವಳು ತೂಕದ ಕೋಣೆಗೆ ಹಾಡು ಗುನುಗುತ್ತ ಬಂದದ್ದು ನನಗೆ ನೆನಪಿದೆ.

ಪರದೆಯ ಮೇಲೆ ಅಂಕಿ ತುಂಬಬೇಕಾದ ಮನೆಗಳಲ್ಲಿ ಒಂದನ್ನು ಅವಳು ಖಾಲಿ ಬಿಟ್ಟಿದ್ದಳು. ನಾವು ಯಂತ್ರಕ್ಕೆ ಬಿಡುವ ಹನಿಯಲ್ಲಿ ಬಹುಪಾಲು ಬರೀ ದ್ರಾವಕ. ಅದು ಎಲ್ಲಕ್ಕಿಂತ ಮೊದಲು ನುಗ್ಗಿಬರುತ್ತದೆ. ಮಾಸ್ ಸ್ಪೆಕ್ಟ್ರೋಮೀಟರಿನೊಳಗೆ, ಗಾಳಿಯಿಲ್ಲದ ಗೂಡಿನಲ್ಲಿ, ಹಳೆಯ ಬಲ್ಬಿನಲ್ಲಿ ಇರುತ್ತಿದ್ದಂಥ ತಂತಿಯೊಂದು ಕಾಯ್ದು ಹೊಳೆಯುತ್ತದೆ. ದ್ರಾವಕ ಹಾದುಹೋಗುವವರೆಗೆ ಆ ತಂತಿ ಹೊತ್ತಿಕೊಳ್ಳದೆ ಕಾಯಬೇಕು. ಎಷ್ಟು ಕಾಯಬೇಕು ಎಂದು ಹೇಳುವುದಕ್ಕೇ ಆ ಮನೆ ಇರುವುದು. ದೊಡ್ಡಕ್ಕನ ಕೈಯಲ್ಲಿ ಪಳಗಿದ ಹಳೆಯ ಯಂತ್ರಕ್ಕೆ ಇಂಥ ರಗಳೆ ಇರಲಿಲ್ಲ. ತಂತಿ ಮೊದಲಿನ ಕೆಲವು ಸೀಸೆಗಳನ್ನು ಹೇಗೋ ತಾಳಿಕೊಂಡಿತು. ಆಮೇಲೆ ಸುಟ್ಟುಹೋಯಿತು. ಚುಕ್ಕೆ ಕೆಂಪಾಯಿತು.

ಯಂತ್ರವನ್ನು ತಣಿಸಿ, ಗಾಳಿ ಬಿಟ್ಟು, ಬಿಚ್ಚಿ, ಹೊಸ ತಂತಿ ಹಾಕಿ, ಮತ್ತೆ ಗಾಳಿಯನ್ನೆಲ್ಲ ಹೀರಿ ತೆಗೆದು ಹದಕ್ಕೆ ತರುವುದೆಂದರೆ ದಿನಗಟ್ಟಲೆ ಕೆಲಸ. ಹೊಸ ತಂತಿ ನಮ್ಮಲ್ಲಿ ಇರಲೂ ಇಲ್ಲ, ತರಿಸಬೇಕಿತ್ತು. ಶಾಲೆಯವರು ದಿನಾ ಫೋನ್ ಮಾಡಿ ಕೇಳುತ್ತಿದ್ದರು. ಮುಖ್ಯಸ್ಥರಿಗೆ ಸಾಫ್ಟ್‌ವೇರಿನ ಒಳಹೊರಗು ಗೊತ್ತಿರಲಿಲ್ಲ. ಆ ಯಂತ್ರದ ವಿಧಾನಗಳನ್ನೆಲ್ಲ ಮಾಡಿಟ್ಟವಳು ಸಣ್ಣಕ್ಕ ಎಂಬುದಷ್ಟೇ ಗೊತ್ತಿತ್ತು. ಯಂತ್ರದ ಪಕ್ಕದಲ್ಲೇ ನಿಂತು, ಎಲ್ಲರಿಗೂ ಕೇಳುವ ಹಾಗೆ ಅವಳಿಗೆ ಫೋನ್ ಹಚ್ಚಿದರು.

"ಹೋಗೋ ಮುಂಚೆ ಎಲ್ಲ ಒಂದು ಸಲ ನೋಡಿ ಹೋಗ್ಬೇಕಲ್ವಾ? ಇಷ್ಟು ಜವಾಬ್ದಾರಿ ಕೊಟ್ಟಮೇಲೆ ಹೀಗೆ ಮಾಡಿದ್ರೆ ಹೇಗೆ?" ಎಂದರು.

ಆ ಕಡೆಯಿಂದ ಆಸ್ಪತ್ರೆಯ ಗದ್ದಲ ಕೇಳಿಸಿತು. ಯಾರೋ ಚಕ್ರದ ಮಂಚ ಎಳೆದುಕೊಂಡು ಹೋದ ಶಬ್ದ. ಸಣ್ಣಕ್ಕ, "ನೋಡ್ತೀನಿ ಸರ್," ಎಂದಳು. ಫೋನಿನ ಮೇಲೆ ಬೆರಳು ತಾಕಿದ ಸಣ್ಣ ಸದ್ದು ಬಂತು. ಆಮೇಲೆ, "ನಂದೇ ಏನೋ ತಪ್ಪಾಗಿರಬೇಕು ಸರ್," ಎಂದಳು.

ದೊಡ್ಡಕ್ಕ ಅಲ್ಲೇ, ಮುಖ್ಯಸ್ಥರ ಮೊಣಕೈಯ ಹತ್ತಿರ ನಿಂತಿದ್ದಳು. ತಪ್ಪು ತನ್ನದು ಎಂದು ಅವಳಿಗೆ ಆಗಲೇ ಗೊತ್ತಾಗಿತ್ತು. ಬಾಯಿ ತೆರೆಯಲಿಲ್ಲ.

"ನಾಚಿಕೆ ಆಯ್ತು," ಎಂದು ಮುಂದೊಮ್ಮೆ ನನಗೆ ಹೇಳಿದಳು. "ಆದ್ರೆ ಸುಳ್ಳು ಹೇಳಲ್ಲ, ಅದಕ್ಕಿಂತ ಮುಂಚೆ ಖುಷಿ ಆಯ್ತು. ಎಲ್ರೂ ಕೇಳಿಸ್ಕೊಳ್ತಾ ಇದ್ದಾರೆ, ಅವಳು ಬೈಸ್ಕೊಳ್ತಾ ಇದ್ದಾಳೆ. ಸುಡೋ ಗಾಯಕ್ಕೆ ತಣ್ಣೀರು ಹಾಕಿದ ಹಾಗಿತ್ತು."

ಸಣ್ಣಕ್ಕ ಮರಳಿ ಬರುವಷ್ಟರಲ್ಲಿ ಯಂತ್ರ ಸರಿಹೋಗಿತ್ತು. ಶಾಲೆಯ ನೀರಿನಲ್ಲಿ ಕೀಟನಾಶಕ ಇರಲಿಲ್ಲ, ವಾಸನೆ ಹಳೆಯ ತೊಟ್ಟಿಯ ಬಣ್ಣದ್ದು ಎಂದು ವರದಿಯೂ ಹೋಗಿತ್ತು. ಅವಳ ತಾಯಿಗೆ ಬಲಗೈ ಮರಳಿರಲಿಲ್ಲ. ಮಾತು ಮರಳಿತ್ತು. ಸಣ್ಣಕ್ಕ ತೆಳ್ಳಗಾಗಿದ್ದಳು. ಯಾರೊಂದಿಗೂ ಹೆಚ್ಚು ಮಾತಾಡದೆ ಕೆಲಸಕ್ಕೆ ಕೂತಳು.

ರಜೆಯ ದಿನ ಇಬ್ಬರೂ ತಾರಸಿಯ ಮೇಲೆ ಬಟ್ಟೆ ಹರವುತ್ತಿದ್ದರು. ಒಂದೇ ಹಗ್ಗ, ಆ ತುದಿಯಲ್ಲಿ ಒಬ್ಬಳು, ಈ ತುದಿಯಲ್ಲಿ ಒಬ್ಬಳು. ಹೊದಿಕೆಯೊಂದನ್ನು ಹಿಂಡಬೇಕಾದಾಗ ಇಬ್ಬರೂ ಹತ್ತಿರ ಬರಲೇಬೇಕಾಯಿತು. ಹಿಂಡುತ್ತ ಹಿಂಡುತ್ತ ದೊಡ್ಡಕ್ಕ, "ಅವತ್ತು ಸರ್ ಸ್ವಲ್ಪ ಜಾಸ್ತಿನೇ ಬೈದ್ರು ನಿಂಗೆ," ಎಂದಳು. ಯಾಕೆ ಹಾಗೆ ಕೆದಕಲು ಹೋದಳೋ ಅವಳಿಗೇ ಗೊತ್ತಿಲ್ಲ.

ಸಣ್ಣಕ್ಕ ಹೊದಿಕೆಯ ತುದಿ ಬಿಡಲಿಲ್ಲ. "ಅಕ್ಕ, ಫೋನಲ್ಲಿ ನಂಗೆ ಎಲ್ಲ ಕಾಣಿಸತ್ತೆ. ಓಡಿದ್ದು ನಾನು ಮಾಡಿದ ವಿಧಾನ ಅಲ್ಲ ಅಂತ ಸರ್ ಜೊತೆ ಮಾತಾಡ್ತಾ ಇರುವಾಗಲೇ ನೋಡಿದೆ."

ದೊಡ್ಡಕ್ಕನ ಕೈ ನಿಂತಿತು. "ಮತ್ತೆ ಯಾಕೆ ಹೇಳಲಿಲ್ಲ?"

"ಅಮ್ಮನ ಮಂಚದ ಪಕ್ಕ ನಿಂತಿದ್ದೆ. ಅವಳ ಬಾಯಿ ಒಂದು ಕಡೆ ಜಾರಿತ್ತು. ಯಾರ ತಪ್ಪು ಅಂತ ವಾದ ಮಾಡೋ ತ್ರಾಣ ನಂಗಿರಲಿಲ್ಲ. ನೀವು ಹೇಳ್ತೀರಿ ಅಂದುಕೊಂಡಿದ್ದೆ, ಅಲ್ಲೇ ಇದ್ರಲ್ಲ. ನಿಮ್ಮ ಬಳೆ ಸದ್ದು ಕೇಳಿಸ್ತಿತ್ತು."

"ನಂಗೆ ಒಂದು ಮಾತು ಕೇಳಿದ್ರೆ..."

"ಏನಂತ ಕೇಳ್ಲಿ ಅಕ್ಕ? ನೀವು ಸೀಟು ಬದಲಾಯಿಸಿದಾಗ ಕೇಳಿದೆ, ತಲೆ ಸುತ್ತತ್ತೆ ಅಂದ್ರಿ. ಡಬ್ಬಿ ಬೇರೆ ಮಾಡಿದಾಗ ಕೇಳಿದೆ, ಉಪ್ಪು ಅಂದ್ರಿ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ನನ್ನ ಕೈ ನಡುಗಿದಾಗಲೆಲ್ಲ ನೀವು 'ಎಲ್ಲರಿಗೂ ಬರಲ್ಲ' ಅಂತಿದ್ರಿ. ದಿನಾ ಅಂತಿದ್ರಿ. ಆಗ ನಂಗೂ ನಿಮ್ಮ ಕೈ ನೋಡಿದ್ರೆ ಮೈ ಉರಿತಿತ್ತು. ನಾನು ಯಾವ ತಂತಿ ಸುಡೋಕೂ ಹೋಗಲಿಲ್ಲ."

ಅಷ್ಟು ಹೇಳಿ, ಹೊದಿಕೆಯನ್ನು ತಾನೊಬ್ಬಳೇ ಹಗ್ಗಕ್ಕೆ ಎಸೆದು, ಸಣ್ಣಕ್ಕ ಇಳಿದುಹೋದಳು.

ದೊಡ್ಡಕ್ಕ ಒದ್ದೆ ಬಟ್ಟೆಗಳ ನಡುವೆ ಬಹಳ ಹೊತ್ತು ನಿಂತಿದ್ದಳು. ಅವಳಿಗೆ ಪಶ್ಚಾತ್ತಾಪವಾಯಿತು ಎಂದು ಹೇಳಿ ಮುಗಿಸಿಬಿಡಬಹುದು. ಆಗಿದ್ದೂ ನಿಜ. ಆದರೆ ಅವಳು ನನ್ನ ಮುಂದೆ ಒಪ್ಪಿಕೊಂಡದ್ದು ಇನ್ನೊಂದನ್ನು. "ಒಳ್ಳೆಯವಳಾಗೋದ್ರಲ್ಲೂ ಅವಳೇ ಮುಂದೆ ಹೋಗಿಬಿಟ್ಟಳಲ್ಲ ಕಣೆ. ಅದನ್ನೂ ಅವಳಿಗೇ ಬಿಟ್ಟುಕೊಡಬೇಕಾ?"

ಮಾರನೆಯ ದಿನ ಬೆಳಿಗ್ಗೆ ಅವಳು ನೇರವಾಗಿ ಮುಖ್ಯಸ್ಥರ ಕೋಣೆಗೆ ಹೋದಳು. ಬಾಗಿಲು ತೆರೆದೇ ಇತ್ತು, ತೆರೆದೇ ಇರಲಿ ಎಂದೇ ಬಿಟ್ಟಿದ್ದಳು. "ಸರ್, ಅವತ್ತು ತಂತಿ ಸುಟ್ಟಿದ್ದು ನಾನು. ಸಣ್ಣಕ್ಕನ ವಿಧಾನ ಸರಿಯಾಗಿತ್ತು. ನಾನೇ ಬೇರೆ ಮಾಡಿ ಓಡಿಸಿದೆ. ನೀವು ಫೋನಲ್ಲಿ ಬೈತಾ ಇರುವಾಗ ಪಕ್ಕದಲ್ಲೇ ನಿಂತಿದ್ದೆ," ಎಂದಳು.

ದೊಡ್ಡ ರಂಪಾಟವಾಗುತ್ತದೆ ಎಂದುಕೊಂಡಿದ್ದಳು. ಮುಖ್ಯಸ್ಥರು ಅವಳನ್ನೇ ನೋಡಿದರು. "ತಂತಿ ಹೋಗೋದು, ಬರೋದು ಇದ್ದದ್ದೇ," ಎಂದರು. "ಆದ್ರೆ ತಾಯಿ ಹಾಗಿರುವಾಗ ಆ ಹುಡುಗಿಗೆ ನನ್ನ ಕೈಲಿ ಬೈಸಿದ್ರಲ್ಲ. ಅದಕ್ಕೆ ಯಾವ ಕಂಪನಿಯಿಂದ ಬಿಡಿಭಾಗ ತರಿಸ್ಲಿ ಹೇಳಿ." ಅವರು ಎದ್ದುಹೋಗಿ ಸಣ್ಣಕ್ಕನ ಮುಂದೆ ನಿಂತು ಕ್ಷಮೆ ಕೇಳಿದರು. ಮುದುಕರು ಕ್ಷಮೆ ಕೇಳುವುದನ್ನು ನೋಡಲಾಗದೆ ನಾವೆಲ್ಲ ಸೀಸೆ ತೊಳೆಯಲು ಹೋದೆವು.

ಆ ವಾರವೇ ಅವರು ಯಂತ್ರಗಳನ್ನು ಪಾಲು ಮಾಡಿದರು. ಗ್ಯಾಸ್ ಯಂತ್ರಗಳು, ಮಾಸ್ ಸ್ಪೆಕ್ಟ್ರೋಮೀಟರ್ ಸಮೇತ, ದೊಡ್ಡಕ್ಕನಿಗೆ. ಲಿಕ್ವಿಡ್ ಯಂತ್ರಗಳೆಲ್ಲ ಸಣ್ಣಕ್ಕನಿಗೆ. ಅಧಿಕಾರದ ಮೆಟ್ಟಿಲು ಇಬ್ಬರಿಗೂ ಸಮ. ಆದರೆ ಒಬ್ಬರ ಫಲಿತಾಂಶವನ್ನು ಇನ್ನೊಬ್ಬರು ನೋಡಿ ಒಪ್ಪಿದರೆ ಮಾತ್ರ ವರದಿ ಹೊರಗೆ ಹೋಗಬೇಕು. ಸಾಫ್ಟ್‌ವೇರಿನಲ್ಲಿ ಹಾಗೆ ಕಟ್ಟುಮಾಡಲು ಬರುತ್ತಿತ್ತು. ಮೊದಲು ಸಣ್ಣಕ್ಕ ದೊಡ್ಡಕ್ಕನಿಗೆ ಎಲ್ಲವನ್ನೂ ಹೇಳಿಕೊಡಬೇಕಾಯಿತು. ಹೇಳಿಕೊಟ್ಟಳು, ಒಂದು ನಗೆಯಿಲ್ಲದೆ. ದೊಡ್ಡಕ್ಕ ಕಲಿತಳು, ಒಂದು ಥ್ಯಾಂಕ್ಸ್ ಇಲ್ಲದೆ. ಖಾಲಿ ಬಿಟ್ಟ ಆ ಮನೆಯ ಹತ್ತಿರ ಬಂದಾಗ ಸಣ್ಣಕ್ಕ ಬೆರಳಿಟ್ಟು ತೋರಿಸಿ, ಏನೂ ಹೇಳದೆ ಮುಂದಕ್ಕೆ ಹೋದಳಂತೆ.

ನಂತರದ ವರ್ಷಗಳು ನಮ್ಮ ಪ್ರಯೋಗಾಲಯಕ್ಕೆ ಒಳ್ಳೆಯ ಹೆಸರು ತಂದ ವರ್ಷಗಳು. ಕಾರಣ ಹೊರಗಿನವರಿಗೆ ಗೊತ್ತಿರಲಿಲ್ಲ. ಸಣ್ಣಕ್ಕನ ಒಂದು ಶಿಖರ ಎಳ್ಳಷ್ಟು ವಾಲಿದ್ದರೂ ದೊಡ್ಡಕ್ಕ ಅದನ್ನು ಕೆಂಪು ಗುರುತು ಹಾಕಿ ಹಿಂದಕ್ಕೆ ಕಳಿಸುತ್ತಿದ್ದಳು. ದೊಡ್ಡಕ್ಕ ಎಲ್ಲಿ ಗೆರೆ ಎಳೆದು ಶಿಖರದ ಬುಡ ಗುರುತಿಸಿದ್ದಾಳೆ ಎಂಬುದನ್ನು ಸಣ್ಣಕ್ಕ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದಳು. ಒಬ್ಬಳ ತಪ್ಪು ಇನ್ನೊಬ್ಬಳ ಕಣ್ಣು ತಪ್ಪಿಸಿ ಹೋಗುವುದು ಸಾಧ್ಯವೇ ಇರಲಿಲ್ಲ. ಇಬ್ಬರೂ ತಮ್ಮ ತಮ್ಮ ಕೆಲಸವನ್ನು ಎರಡೆರಡು ಸಲ ನೋಡಿಕೊಂಡೇ ಕಳಿಸತೊಡಗಿದರು. ಪರಿಶೀಲನೆಗೆ ಬಂದ ಅಧಿಕಾರಿಯೊಬ್ಬರು, ನಿಮ್ಮಲ್ಲಿ ಗುಣಮಟ್ಟಕ್ಕೆ ಏನು ವ್ಯವಸ್ಥೆ ಇದೆ ಎಂದು ಕೇಳಿದಾಗ ಮುಖ್ಯಸ್ಥರು, "ಓರಗಿತ್ತಿಯರಿದ್ದಾರೆ," ಎಂದರು. ಅಧಿಕಾರಿ ಅದನ್ನು ಯಾವುದೋ ಸಾಫ್ಟ್‌ವೇರಿನ ಹೆಸರು ಎಂದುಕೊಂಡರು.

ಮನೆಯಲ್ಲಿ ಊಟದ ಹೊತ್ತಿಗೆ ಈಗ ಎರಡು ಫೋನುಗಳು ತಟ್ಟೆಗಳ ಪಕ್ಕ ಇರುತ್ತಿದ್ದವು. "ನಿಂದು ಹಳದಿ ಆಗಿದೆ ನೋಡು," ಎಂದು ಒಬ್ಬಳು, "ನಿಮ್ಮದರಲ್ಲಿ ಒತ್ತಡ ಏರ್ತಿದೆ," ಎಂದು ಇನ್ನೊಬ್ಬಳು. ಅದು ಜಗಳವೋ ಮಾತುಕತೆಯೋ ಗಂಡಂದಿರಿಗೆ ತಿಳಿಯುತ್ತಿರಲಿಲ್ಲ. ಬಹುಶಃ ಓರಗಿತ್ತಿಯರಿಗೂ ತಿಳಿದಿರಲಿಲ್ಲ. ಬಸ್ಸಿನಲ್ಲಿ ಮತ್ತೆ ಒಂದೇ ಸೀಟಿಗೆ ಬಂದದ್ದು ಯಾವಾಗ ಎಂದು ನಾನು ಗಮನಿಸಲಿಲ್ಲ. ಮಾತಾಡಲು ಅನುಕೂಲ ಎಂದು ಇಬ್ಬರೂ ಹೇಳಿದರು.

ಆ ಸಾಫ್ಟ್‌ವೇರ್ ಮಾಡುವ ಕಂಪನಿಯವರು ಸಣ್ಣಕ್ಕನನ್ನು ತರಬೇತಿ ಕೊಡುವ ಕೆಲಸಕ್ಕೆ ಕರೆದರು. ಊರೂರು ಸುತ್ತಿ, ಪ್ರಯೋಗಾಲಯದವರಿಗೆ ಕಲಿಸುವ ಕೆಲಸ. ಅವಳು ಹೋಗಲೋ ಬೇಡವೋ ಎಂದು ತಿಂಗಳುಗಟ್ಟಲೆ ಹೊಯ್ದಾಡಿ, ಕೊನೆಗೆ ದೊಡ್ಡಕ್ಕನನ್ನೇ ಕೇಳಿದಳು. ದೊಡ್ಡಕ್ಕ, "ಹೋಗು. ನಂಗೆ ಕರೆದಿದ್ರೆ ನಾನು ಹೋಗ್ತಿದ್ದೆ," ಎಂದಳು. ಆ ಮಾತಿನಲ್ಲಿ ಎಷ್ಟು ಹಾರೈಕೆಯೋ ಎಷ್ಟು ಉರಿಯೋ ಬೇರ್ಪಡಿಸಿ ತೋರಿಸುವ ಯಂತ್ರ ನಮ್ಮಲ್ಲಿಲ್ಲ. ಸಣ್ಣಕ್ಕನ ಸಂಸಾರ ಬೇರೆ ಊರಿಗೆ ಹೋಯಿತು. ಅವರಿದ್ದ ಕೆಳಗಿನ ಕೋಣೆಗಳಿಗೆ ಬೀಗ ಬಿತ್ತು.

ಅವಳ ಜಾಗಕ್ಕೆ ಬಂದವನು ಒಳ್ಳೆಯ ಹುಡುಗ. ದೊಡ್ಡಕ್ಕ ಕಳಿಸಿದ್ದನ್ನೆಲ್ಲ ಒಂದೂ ಪ್ರಶ್ನೆ ಕೇಳದೆ ಒಪ್ಪಿಬಿಡುತ್ತಿದ್ದ. ಅವಳಿಗೆ ಮೈಯೆಲ್ಲ ಪರಚಿಕೊಳ್ಳುವಂತಾಗುತ್ತಿತ್ತು. "ನೋಡೋದೇ ಇಲ್ಲ ಇವನು," ಎಂದು ನನ್ನ ಹತ್ತಿರ ದೂರುತ್ತಿದ್ದಳು. ತನ್ನ ಒಂದು ಶಿಖರವನ್ನು ಬೇಕೆಂದೇ ಸ್ವಲ್ಪ ಓರೆಯಾಗಿ ಗುರುತಿಸಿ ಕಳಿಸಿ ನೋಡಿದಳಂತೆ. ಅದೂ ಒಪ್ಪಿಗೆಯಾಗಿ ಬಂತು. ತಾನೇ ಮತ್ತೆ ತಿದ್ದಿದಳು.

ಹೋದ ವರ್ಷ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದಾಗ ನಮ್ಮನ್ನೆಲ್ಲ ತರಬೇತಿಗೆ ಕರೆದರು. ಹೋಟೆಲೊಂದರ ಸಭಾಂಗಣ. ಹತ್ತಾರು ಪ್ರಯೋಗಾಲಯಗಳ ಜನ. ವೇದಿಕೆಯ ಮೇಲೆ ಸಣ್ಣಕ್ಕ, ಕೊರಳಲ್ಲಿ ಗುರುತಿನ ಪಟ್ಟಿ, ಕೈಯಲ್ಲಿ ಪುಟ್ಟ ಮೈಕು. ದೊಡ್ಡಕ್ಕ ಮೊದಲ ಸಾಲಿನಲ್ಲಿ ಕೂತು ಅವಳ ಬಾಯಿಂದ ಬಿದ್ದ ಒಂದೊಂದು ಪದವನ್ನೂ ತೂಗಿದಳು. ಬಿಡುವಿನಲ್ಲಿ ಬೇರೆ ಬೇರೆ ಊರಿನ ಹುಡುಗಿಯರು ಸಣ್ಣಕ್ಕನನ್ನು ಮುತ್ತಿಕೊಂಡರು. ಅಕ್ಕ, ಇದು ಹೇಗೆ, ಅಕ್ಕ, ಅದು ಹೇಗೆ. ಅವಳು ಅವರ ಹೆಗಲ ಮೇಲೆ ಕೈಯಿಟ್ಟು, ನಗುನಗುತ್ತ ಹೇಳಿಕೊಡುತ್ತಿದ್ದಳು.

"ನಂಗೆ ಹೇಳಿಕೊಡುವಾಗ ಒಂದು ದಿನವೂ ಹೀಗೆ ನಗಲಿಲ್ಲ ನೋಡು," ಎಂದಳು ದೊಡ್ಡಕ್ಕ ನನ್ನ ಕಿವಿಯಲ್ಲಿ. ಅವಳ ಕೆನ್ನೆ ಬಿಗಿದುಕೊಂಡಿತ್ತು. ಆ ಬಿಗಿತ ನನಗೆ ಹಳೆಯ ಪರಿಚಯ. ಆದರೆ ಈ ಸಲ ಅವಳು ನೋಡುತ್ತಿದ್ದದ್ದು ಸಣ್ಣಕ್ಕನನ್ನಲ್ಲ, ಆ ಹುಡುಗಿಯರನ್ನು.

ಊಟಕ್ಕೆ ಬಿಟ್ಟಾಗ ಅವರೆಲ್ಲ ಸಣ್ಣಕ್ಕನ ಸುತ್ತ ಕುರ್ಚಿ ಎಳೆದುಕೊಂಡು ಕೂತಿದ್ದರು. ಒಂದೂ ಜಾಗ ಖಾಲಿ ಇರಲಿಲ್ಲ. ದೊಡ್ಡಕ್ಕ ತಟ್ಟೆ ಹಿಡಿದುಕೊಂಡು ನೇರವಾಗಿ ಅಲ್ಲಿಗೆ ನಡೆದಳು.

"ಸ್ವಲ್ಪ ಆ ಕಡೆ ಜರುಗಮ್ಮ," ಎಂದಳು ಪಕ್ಕದಲ್ಲಿದ್ದ ಹುಡುಗಿಗೆ. "ಇವಳು ನಮ್ಮ ಮನೆಯವಳು."